ವಿನಿಮಯದ ಒಂದು ಅವಧಿ: ಅಮೆರಿಕದ ವಿಶ್ವವಿದ್ಯಾಲಯ ಮತ್ತು ಕನ್ನಡ ವಿಭಾಗದ ಪೂರ್ವಸಿದ್ಧತೆ

ವಿದೇಶಿ ವಿಶ್ವವಿದ್ಯಾಲಯಗಳೊಡನೆ ಒಡಂಬಡಿಕೆ ಮಾಡಿಕೊಳ್ಳುವ ಮಾತು ಈಚಿನ ವರ್ಷಗಳಲ್ಲಿ ಕನ್ನಡ ಅಧ್ಯಯನ ವಿಭಾಗಗಳಲ್ಲಿಯೂ ಕೇಳಿಬರುತ್ತಿದೆ. ಇದರ ಹಿಂದೆ ವಿದ್ವತ್ತಿನ ಒತ್ತಾಯಕ್ಕಿಂತ ಮೌಲ್ಯಾಂಕನದ ಒತ್ತಾಯವೇ ಹೆಚ್ಚಾಗಿದೆ ಎಂಬುದು ಗುಟ್ಟೇನಲ್ಲ. ನ್ಯಾಕ್ ವರದಿಯಲ್ಲಿ ಅಂಥ ಒಡಂಬಡಿಕೆಗಳಿಗೆ ಒಂದು ಕಲಮು ಇದೆ; ಅದನ್ನು ತುಂಬಬೇಕಾಗಿದೆ. ಕುಲಪತಿಗಳ ಸಮ್ಮುಖದಲ್ಲಿ ಸಹಿ ಬೀಳುತ್ತದೆ, ಛಾಯಾಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ, ಕಡತ ಕಪಾಟು ಸೇರುತ್ತದೆ. ಒಡಂಬಡಿಕೆಯ ಅವಧಿ ಮುಗಿಯುವವರೆಗೂ ಒಬ್ಬ ವಿದ್ಯಾರ್ಥಿಯೂ ಇಲ್ಲಿಂದ ಅಲ್ಲಿಗೆ ಹೋಗಿರುವುದಿಲ್ಲ, ಅಲ್ಲಿಂದ ಇಲ್ಲಿಗೆ ಬಂದಿರುವುದಿಲ್ಲ.

ಕಾನೂನಿನ ಅಡ್ಡಿ ಇದಕ್ಕೆ ಕಾರಣವೆಂದು ಈಗ ಹೇಳುವಂತಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರಲ್ಲಿ ಕ್ರೆಡಿಟ್‌ಗಳ ಶೈಕ್ಷಣಿಕ ಬ್ಯಾಂಕಿನ ನಿಯಮಗಳನ್ನೂ 2022ರಲ್ಲಿ ವಿದೇಶಿ ಸಂಸ್ಥೆಗಳೊಡನೆ ಶೈಕ್ಷಣಿಕ ಸಹಯೋಗದ ನಿಯಮಗಳನ್ನೂ ಹೊರಡಿಸಿತು. ಎರಡನೆಯ ನಿಯಮಾವಳಿಯ ಪ್ರಕಾರ ಅವಳಿ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಯು ತನ್ನ ಪದವಿಯ ಒಟ್ಟು ಕ್ರೆಡಿಟ್‌ಗಳಲ್ಲಿ ಶೇಕಡ 30ರವರೆಗೆ ವಿದೇಶಿ ಸಂಸ್ಥೆಯಲ್ಲಿ ಗಳಿಸಬಹುದು. ಪದವಿಯನ್ನು ಭಾರತೀಯ ವಿಶ್ವವಿದ್ಯಾಲಯವೇ ನೀಡುತ್ತದೆ. ನಾಲ್ಕು ಸೆಮಿಸ್ಟರುಗಳ ಎಂ.ಎ. ಪದವಿಯಲ್ಲಿ ಒಂದು ಸೆಮಿಸ್ಟರ್ ಎಂದರೆ ಶೇಕಡ 25. ಲೆಕ್ಕ ಸರಿಯಾಗಿಯೇ ಇದೆ. ಸಂಸ್ಥೆಯ ನ್ಯಾಕ್ ಅಂಕ ಮೊದಲಾದ ಅರ್ಹತೆಗಳ ಪ್ರಶ್ನೆ ಬೇರೆ; ಅದು ಕುಲಸಚಿವರ ಕಚೇರಿಯ ಕೆಲಸ. ವಿಭಾಗದ ಕೆಲಸ ಯಾವುದು ಎಂಬುದು ಇಲ್ಲಿನ ಪ್ರಶ್ನೆ. ವಿನಿಮಯ ಅವಧಿಯ ಯೋಜನೆಯನ್ನು ವಿದೇಶಾಂಗ ಘಟಕಕ್ಕೂ ಪ್ರಯಾಣದ ಏಜೆಂಟರಿಗೂ ಬಿಟ್ಟುಕೊಟ್ಟ ವಿಭಾಗವು ತನ್ನ ವಿದ್ಯಾರ್ಥಿಯ ಒಂದು ಸೆಮಿಸ್ಟರನ್ನು ಕಳೆಯುತ್ತದೆಯೇ ಹೊರತು ಏನನ್ನೂ ಗಳಿಸುವುದಿಲ್ಲ.

ಈಗ ಚಾಲ್ತಿಯಲ್ಲಿರುವ ವಿನಿಮಯದ ಮಾದರಿ ತಾಂತ್ರಿಕ ಮತ್ತು ನಿರ್ವಹಣಾ ಶಿಕ್ಷಣದಿಂದ ಬಂದದ್ದು. ಅಲ್ಲಿನ ವಿದ್ಯಾರ್ಥಿಗೆ ಇಲ್ಲಿ ಓದುವ ವಿಷಯವೇ ಅಲ್ಲಿಯೂ ಇರುತ್ತದೆ. ಪ್ರಯೋಗಾಲಯ ದೊಡ್ಡದು, ಪಠ್ಯಪುಸ್ತಕ ಬಹುಮಟ್ಟಿಗೆ ಅದೇ. ಕನ್ನಡದ ವಿದ್ಯಾರ್ಥಿಯ ಸಂದರ್ಭ ಹಾಗಲ್ಲ. ಅವನ ಅಥವಾ ಅವಳ ವಿಷಯದ ನೆಲೆ ಇಲ್ಲಿದೆ, ಮೇಷ್ಟ್ರುಗಳು ಇಲ್ಲಿದ್ದಾರೆ, ಓದುಗರು ಇಲ್ಲಿದ್ದಾರೆ. ಆದ್ದರಿಂದಲೇ 'ಕನ್ನಡ ಓದಲು ಅಮೆರಿಕಕ್ಕೇಕೆ ಹೋಗಬೇಕು?' ಎಂಬ ಕುಹಕದ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆ ಕುಹಕದ್ದಾದರೂ ಅದಕ್ಕೆ ಉತ್ತರ ಹೇಳದೆ ಯಾವ ಯೋಜನೆಯೂ ಮುಂದೆ ಹೋಗಲಾರದು. ಉತ್ತರ ಸಾಮಾನ್ಯವಾದುದಾಗಿದ್ದರೆ ಸಾಲದು. 'ಜಾಗತಿಕ ದೃಷ್ಟಿಕೋನ ಬರುತ್ತದೆ' ಎಂಬಂಥ ಮಾತು ಅರ್ಜಿಗೆ ಸಾಕು, ಅಧ್ಯಯನಕ್ಕೆ ಸಾಲದು. ಇಂಥ ಊರಿನ ಇಂಥ ಗ್ರಂಥಾಲಯದಲ್ಲಿ ಇಂಥ ಸಾಮಗ್ರಿ ಇದೆ, ಅದು ಈ ವಿದ್ಯಾರ್ಥಿಯ ಈ ಪ್ರಶ್ನೆಗೆ ಬೇಕು ಎಂದು ಹೇಳಲು ಬರಬೇಕು.

ಶಿಕಾಗೊ ವಿಶ್ವವಿದ್ಯಾಲಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. 1963ರಲ್ಲಿ ಅವರಿಗೆ ಪಿಎಚ್.ಡಿ. ಪದವಿ ದೊರೆತದ್ದು ಕನ್ನಡದ ಉತ್ಪಾದಕ ವ್ಯಾಕರಣವನ್ನು ಕುರಿತ ಪ್ರಬಂಧಕ್ಕೆ ಎಂಬ ಸಂಗತಿಯನ್ನು ಅವರನ್ನು ಕವಿ-ಅನುವಾದಕರೆಂದಷ್ಟೇ ಬಲ್ಲವರು ಮರೆಯುತ್ತಾರೆ. ಆ ಹೊತ್ತಿಗಾಗಲೇ ಶಿಕಾಗೊ ಸೇರಿದ್ದ ಅವರು 1993ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯ ಅಧ್ಯಾಪಕರಾಗಿದ್ದರು. 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಪ್ರಕಟವಾಯಿತು. ವಚನಗಳ ಇಂಗ್ಲಿಷ್ ಅನುವಾದ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ, 'ಸಂಸ್ಕಾರ' ಕಾದಂಬರಿಯ ಅನುವಾದ 1976ರಲ್ಲಿ ಬಂದವು. ಅವರ ಕರಡುಗಳು, ಟಿಪ್ಪಣಿಗಳು, ದಿನಚರಿಗಳು, ಪತ್ರಗಳು ಆ ವಿಶ್ವವಿದ್ಯಾಲಯದ ಗ್ರಂಥಾಲಯದ ವಿಶೇಷ ಸಂಗ್ರಹದಲ್ಲಿ ಸುರಕ್ಷಿತವಾಗಿವೆ. ಈ ಸಂಗ್ರಹವನ್ನು ಆಧರಿಸಿ 2016ರಲ್ಲಿ ಅವರ ಕಾವ್ಯತತ್ತ್ವವನ್ನು ಕುರಿತ ದೊಡ್ಡ ಅಧ್ಯಯನವನ್ನು ಪ್ರಕಟಿಸಿದವರು ಸ್ಪೇನ್ ದೇಶದ ವಿದ್ವಾಂಸ ಗಿಯೆರ್ಮೊ ರೊಡ್ರಿಗೆಸ್. ಅದು ಅಭಿನಂದನೀಯ ಕೆಲಸ. ಆದರೆ ಒಂದು ವಚನದ ಇಂಗ್ಲಿಷ್ ಕರಡಿನ ಹಲವು ಹಂತಗಳನ್ನು ಮೂಲದ ಪಕ್ಕದಲ್ಲಿಟ್ಟು, ಯಾವ ಪದ ಯಾವ ಹಂತದಲ್ಲಿ ಬಿಟ್ಟುಹೋಯಿತು, ಏಕೆ ಬಿಟ್ಟುಹೋಯಿತು ಎಂದು ನೋಡುವುದು ಕನ್ನಡ ಕಿವಿಯುಳ್ಳವರು ಮಾಡಬೇಕಾದ ಕೆಲಸ. 'ಸ್ಪೀಕಿಂಗ್ ಆಫ್ ಶಿವ'ದ ಬಗೆಗೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ನಡೆದ ವಾಗ್ವಾದಗಳು ಬಹುತೇಕ ಅಚ್ಚಾದ ಪಠ್ಯವನ್ನೇ ಮುಂದಿಟ್ಟುಕೊಂಡಿವೆ.

ಇನ್ನೊಂದು ಕಾರಣ ಇದಕ್ಕಿಂತ ವಿಚಿತ್ರವಾದದ್ದು. 1954ರಲ್ಲಿ ಅಮೆರಿಕ ಜಾರಿಗೆ ತಂದ 'ಪಿ.ಎಲ್. 480' ಕಾನೂನಿನಂತೆ ಅಲ್ಲಿಯ ಹೆಚ್ಚುವರಿ ಗೋಧಿ ಭಾರತಕ್ಕೆ ಬಂದಿತು. ಬೆಲೆಯನ್ನು ರೂಪಾಯಿಯಲ್ಲಿ ತೀರಿಸಲಾಯಿತು. ಹೀಗೆ ಇಲ್ಲಿಯೇ ಕೂಡಿಬಿದ್ದ ಹಣದ ಒಂದು ಪಾಲಿನಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು ಭಾರತೀಯ ಭಾಷೆಗಳ ಪುಸ್ತಕಗಳನ್ನು ಪ್ರತಿಗಳ ಲೆಕ್ಕದಲ್ಲಿ ಕೊಂಡು ತನ್ನ ದೇಶದ ಗ್ರಂಥಾಲಯಗಳಿಗೆ ಕಳುಹಿಸತೊಡಗಿತು. ಶಾಲೆಯ ಮಕ್ಕಳ ಉಪ್ಪಿಟ್ಟಿನ ಗೋಧಿ ಈ ಕಡೆಗೆ ಬಂದಂತೆ ಕನ್ನಡ ಪುಸ್ತಕ ಆ ಕಡೆಗೆ ಹೋಯಿತು ಎನ್ನಬಹುದು. ಕಾಗದದ ಗುಣ, ಪ್ರಕಾಶಕರ ಹೆಸರು ಯಾವುದನ್ನೂ ಲೆಕ್ಕಿಸದೆ ಹೀಗೆ ಕೊಂಡ ಪುಸ್ತಕಗಳಲ್ಲಿ ಜಿಲ್ಲಾ ಕೇಂದ್ರಗಳ ಸಣ್ಣ ಮುದ್ರಣಾಲಯಗಳ ಪ್ರಕಟಣೆಗಳೂ ಇದ್ದವು. ಗೆದ್ದಲು, ಮಳೆ, ಸ್ಥಳಾಭಾವದ ವಿಲೇವಾರಿ ಈ ಮೂರರಿಂದ ಇಲ್ಲಿಯ ಗ್ರಂಥಾಲಯಗಳು ಕಳೆದುಕೊಂಡದ್ದರಲ್ಲಿ ಕೆಲವಾದರೂ ಶಿಕಾಗೊದ ರೀಜನ್‌ಸ್ಟೈನ್ ಗ್ರಂಥಾಲಯದಂಥ ಕಡೆಗಳಲ್ಲಿ ತೆರೆದ ಕಪಾಟಿನಲ್ಲಿವೆ. ನವ್ಯದ ಕಾಲದ ಕಿರುಪತ್ರಿಕೆಗಳನ್ನೋ 1970ರ ದಶಕದ ಚಳವಳಿಗಳ ಪ್ರಕಟಣೆಗಳನ್ನೋ ಹುಡುಕುವ ಸಂಶೋಧಕರು ಮೊದಲು ಇಲ್ಲಿಯ ಖಾಸಗಿ ಸಂಗ್ರಹಗಳನ್ನು ನೋಡಬೇಕು, ನಿಜ. ಆದರೆ ಅಲ್ಲಿಯ ಗ್ರಂಥಸೂಚಿಯನ್ನು ಇಲ್ಲಿಂದಲೇ ಗಣಕಯಂತ್ರದಲ್ಲಿ ನೋಡಬಹುದಾದ್ದರಿಂದ, ಏನಿದೆ ಏನಿಲ್ಲ ಎಂಬ ಪಟ್ಟಿಯನ್ನು ಹೊರಡುವ ಮೊದಲೇ ಸಿದ್ಧಪಡಿಸಬಹುದು. ಆ ಪಟ್ಟಿಯಿಲ್ಲದೆ ಹೊರಟವರು ಗ್ರಂಥಾಲಯದ ಭವ್ಯತೆಯನ್ನು ವರ್ಣಿಸುತ್ತ ಹಿಂದಿರುಗುತ್ತಾರೆ.

ಪಟ್ಟಿ ಏಕೆ ಮುಖ್ಯವೆಂದರೆ, ಕಾಲ ತೀರ ಕಡಿಮೆ. ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಶರತ್ಕಾಲದ ಸೆಮಿಸ್ಟರ್ ಆಗಸ್ಟ್ ಕೊನೆಯ ಭಾಗದಲ್ಲಿ ಆರಂಭವಾಗಿ ಡಿಸೆಂಬರ್ ನಡುವಿಗೆ ಮುಗಿಯುತ್ತದೆ. ಸುಮಾರು 15 ವಾರ. ಶಿಕಾಗೊದಲ್ಲಿ ಸೆಮಿಸ್ಟರ್ ಪದ್ಧತಿಯೇ ಇಲ್ಲ. ಅಲ್ಲಿಯದು ಕ್ವಾರ್ಟರ್, ಪಾಠ ನಡೆಯುವುದು ಒಂಬತ್ತು-ಹತ್ತು ವಾರ ಮಾತ್ರ. ಮೊದಲ ಎರಡು ವಾರ ವಸತಿ, ಬ್ಯಾಂಕ್ ಖಾತೆ, ನೋಂದಣಿ, ಚಳಿಯ ಬಟ್ಟೆಗಳಲ್ಲಿ ಕಳೆಯುತ್ತವೆ. ಕೊನೆಯ ಎರಡು ವಾರ ಪ್ರಬಂಧಗಳನ್ನು ಬರೆದು ಒಪ್ಪಿಸುವುದರಲ್ಲಿ ಮುಗಿಯುತ್ತವೆ. ನಡುವಿನ ದಿನಗಳಲ್ಲಿ ಪ್ರತಿ ಕೋರ್ಸಿಗೂ ವಾರಕ್ಕೆ ನೂರಾರು ಪುಟಗಳ ಓದು ಇರುತ್ತದೆ. ನಮ್ಮಲ್ಲಿ ಸೆಮಿಸ್ಟರಿನ ಕೊನೆಯ ತಿಂಗಳಲ್ಲಿ ಓದುವ ಅಭ್ಯಾಸ ರೂಢವಾಗಿರುವುದನ್ನು ಬಲ್ಲ ಅಧ್ಯಾಪಕರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಇನ್ನು ಕ್ರೆಡಿಟ್ಟಿನ ಲೆಕ್ಕ. ಎಡವಟ್ಟಾಗುವುದು ಬಹುಮಟ್ಟಿಗೆ ಇಲ್ಲಿಯೇ. ಅಮೆರಿಕದ ಸೆಮಿಸ್ಟರ್ ಪದ್ಧತಿಯಲ್ಲಿ ಒಂದು ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್; ಪದವಿಪೂರ್ವ ಪದ್ಧತಿಯಲ್ಲಲ್ಲ, ಪದವಿ ತರಗತಿಗಳಲ್ಲಿ 12 ಕ್ರೆಡಿಟ್ ಪೂರ್ಣ ಹೊರೆಯೆನಿಸಿದರೆ ಸ್ನಾತಕೋತ್ತರ ಹಂತದಲ್ಲಿ ಬಹಳ ಕಡೆ 9ಕ್ಕೇ ಪೂರ್ಣ ಹೊರೆ. ನಮ್ಮ ಎಂ.ಎ. ತರಗತಿಗಳಲ್ಲಿ ಒಂದು ಸೆಮಿಸ್ಟರಿಗೆ ಇಪ್ಪತ್ತರ ಆಸುಪಾಸಿನಲ್ಲಿ ಕ್ರೆಡಿಟ್‌ಗಳಿರುತ್ತವೆ. ಅಂದರೆ ಅಲ್ಲಿ ಹಗಲೂ ರಾತ್ರಿ ದುಡಿದು ಮೂರು ಕೋರ್ಸುಗಳಲ್ಲಿ ಉತ್ತಮ ಶ್ರೇಣಿ ಪಡೆದು ಬಂದ ವಿದ್ಯಾರ್ಥಿನಿಯು ಇಲ್ಲಿಯ ಪರೀಕ್ಷಾಂಗ ವಿಭಾಗದ ಪುಸ್ತಕದಲ್ಲಿ ಹತ್ತಕ್ಕೂ ಹೆಚ್ಚು ಕ್ರೆಡಿಟ್ ಬಾಕಿಯುಳ್ಳವಳು. ಆ ಬಾಕಿಯನ್ನು ತೀರಿಸಲು ಕಿರಿಯರೊಡನೆ ಮತ್ತೆ ಕುಳಿತು ಪರೀಕ್ಷೆ ಬರೆಯಬೇಕು. 'ಹಳಗನ್ನಡ ಕಾವ್ಯ' ಎಂಬ ಪತ್ರಿಕೆಗೆ ಬದಲಾಗಿ ಅಲ್ಲಿ 'ಅನುವಾದ ಸಿದ್ಧಾಂತ' ಓದಿದ್ದನ್ನು ಒಪ್ಪಬಹುದೇ ಎಂಬ ಪ್ರಶ್ನೆ ಅಧ್ಯಯನ ಮಂಡಳಿಯ ಮುಂದೆ ಬರುವ ಹೊತ್ತಿಗೆ ಮಂಡಳಿಯ ಅವಧಿಯೇ ಮುಗಿದಿರಬಹುದು. ಒಂದು ಕ್ರೆಡಿಟ್ ಇನ್ನೊಂದಕ್ಕೆ ಎಷ್ಟು ಸಮ, ಯಾವ ಕೋರ್ಸ್ ಯಾವ ಪತ್ರಿಕೆಯ ಬದಲು, ಉಳಿದದ್ದನ್ನು ಕಿರುಪ್ರಬಂಧದಿಂದ ತುಂಬಬಹುದೇ ಎಂಬ ನಿರ್ಣಯಗಳು ವಿದ್ಯಾರ್ಥಿ ವಿಮಾನ ಹತ್ತುವ ಮೊದಲು ಬರಹದಲ್ಲಿ, ಕುಲಸಚಿವರ ಸಹಿಯೊಡನೆ, ವಿದ್ಯಾರ್ಥಿಯ ಕೈಯಲ್ಲಿರಬೇಕು. ಹಿಂದಿರುಗಿದ ಮೇಲೆ ನೋಡೋಣ ಎಂಬ ಸೌಜನ್ಯದ ಮಾತನ್ನು ನಂಬಿ ಯಾರನ್ನೂ ಕಳುಹಿಸಕೂಡದು.

ಈ ಕಾರಣದಿಂದಲೇ, ಎಂ.ಎ. ವಿದ್ಯಾರ್ಥಿಗಳಿಗಿಂತ ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿರುವವರನ್ನು ಕಳುಹಿಸುವುದು ಹೆಚ್ಚು ಉಚಿತ. ಆಯೋಗದ 2022ರ ಪಿಎಚ್.ಡಿ. ನಿಯಮಗಳಂತೆ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅದು ಮೊದಲ ವರ್ಷದಲ್ಲಿ ಮುಗಿದಿರುತ್ತದೆ, ವಿಷಯ ನಿಂತಿರುತ್ತದೆ, ಕ್ರೆಡಿಟ್ ಬಾಕಿಯ ಭಯವಿರುವುದಿಲ್ಲ. ಎಳೆಯರಿಗೂ ಲೋಕ ಕಾಣಲಿ ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಲೋಕ ಕಾಣಿಸುವುದಕ್ಕೆ ಬೇಸಿಗೆಯ ಕಮ್ಮಟಗಳಿವೆ. ಪ್ರಶ್ನೆಯೇ ಇನ್ನೂ ಹುಟ್ಟಿರದ ಹಂತದಲ್ಲಿ ಗ್ರಂಥಾಲಯದ ಬಾಗಿಲು ತೆರೆದರೆ ಪ್ರಯೋಜನ ಅಲ್ಪ. ಪಿಎಚ್.ಡಿ. ಸಂಶೋಧಕರಿಗೆ ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ಸಂಶೋಧನಾ ಫೆಲೋಶಿಪ್ಪಿನ ದಾರಿಯೂ ಇದೆ. ಅದು ಆರರಿಂದ ಒಂಬತ್ತು ತಿಂಗಳಿನದು. ಕನ್ನಡ ವಿಭಾಗಗಳಿಂದ ಅದಕ್ಕೆ ಹೆಚ್ಚು ಅರ್ಜಿಗಳು ಹೋಗಬೇಕಾಗಿದೆ.

ವೀಸಾ ನಿಯಮಗಳಲ್ಲಿ ಒಂದು ಸೂಕ್ಷ್ಮವನ್ನು ವಿಭಾಗದ ಮುಖ್ಯಸ್ಥರು ತಿಳಿದಿರಬೇಕು. ವಿನಿಮಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೋಗುವುದು ಜೆ-1 ವರ್ಗದ ವೀಸಾದಲ್ಲಿ. ಕೇವಲ ಸ್ವಂತ ಅಥವಾ ಮನೆಯ ಹಣವನ್ನು ನಂಬಿ ಓದಲು ಹೋಗುವವರಿಗೆ ಈ ವರ್ಗ ತೆರೆದಿಲ್ಲ; ಹಣದ ಗಣನೀಯ ಭಾಗ ಸರ್ಕಾರದಿಂದಲೋ ಸಂಸ್ಥೆಯಿಂದಲೋ ಬರಬೇಕು, ಇಲ್ಲವೇ ಎರಡು ವಿದ್ಯಾಸಂಸ್ಥೆಗಳ ನಡುವೆ ಲಿಖಿತ ಒಪ್ಪಂದವಿರಬೇಕು. ಕಪಾಟಿನಲ್ಲಿ ಮಲಗಿರುವ ಒಡಂಬಡಿಕೆಯ ಕಡತಕ್ಕೆ ಜೀವ ಬರುವ ಜಾಗ ಇದು. ಅದರಲ್ಲಿ 'ಪರಸ್ಪರ ಸಹಕಾರ' ಎಂಬ ಮಂಗಳವಾಕ್ಯದ ಜೊತೆಗೆ ವಿದ್ಯಾರ್ಥಿ ವಿನಿಮಯ, ಬೋಧನಾ ಶುಲ್ಕದ ವಿನಾಯಿತಿ, ಸಂಖ್ಯೆ, ಅವಧಿ ಇವು ಸ್ಪಷ್ಟವಾಗಿ ನಮೂದಾಗಿರಬೇಕು. ಆತಿಥೇಯ ವಿಶ್ವವಿದ್ಯಾಲಯ ಕೊಡುವ ಡಿಎಸ್-2019 ಪತ್ರ, 2019ರಿಂದ 220 ಡಾಲರ್ ಆಗಿರುವ ಸೆವಿಸ್ ಶುಲ್ಕ, 2023ರಿಂದ 185 ಡಾಲರ್ ಆಗಿರುವ ವೀಸಾ ಅರ್ಜಿ ಶುಲ್ಕ, ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ ಒಂದು ಲಕ್ಷ ಡಾಲರ್ ಭರಿಸುವ ಆರೋಗ್ಯವಿಮೆ, ಇವೆಲ್ಲ ಸಂದರ್ಶನ ಮತ್ತು ಪ್ರಯಾಣದ ಮೊದಲೇ ಹೊಂದಿಸಬೇಕಾದ ಸಂಗತಿಗಳು. 2025ರ ಮೇ ಕೊನೆಯಿಂದ ಜೂನ್ ನಡುವಿನವರೆಗೆ ವಿದ್ಯಾರ್ಥಿ ವೀಸಾಗಳ ಹೊಸ ಸಂದರ್ಶನ ನಿಗದಿಯನ್ನೇ ಅಮೆರಿಕ ನಿಲ್ಲಿಸಿತ್ತು. ಬಳಿಕ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದು ವಿಧಿಸಿತು. ಆ ವರ್ಷದ ಶರತ್ಕಾಲಕ್ಕೆ ಹೊರಡಬೇಕಿದ್ದವರ ಪಾಲಿಗೆ ಆ ಮೂರು ವಾರ ಸಣ್ಣದಲ್ಲ. ಒಂದೂವರೆ ವರ್ಷ ಮೊದಲೇ ಸಿದ್ಧತೆ ಆರಂಭವಾಗಬೇಕೆನ್ನುವುದು ಆದ್ದರಿಂದ ಅತಿಯಾದ ಮಾತಲ್ಲ.

ಬೋಧನಾ ಶುಲ್ಕ ಮನ್ನಾ ಆದರೂ ವಸತಿ, ಊಟ, ವಿಮೆ, ಪ್ರಯಾಣದ ಹೊರೆ ವಿದ್ಯಾರ್ಥಿಯ ಮೇಲೆಯೇ ಬೀಳುತ್ತದೆ. ಕನ್ನಡ ವಿಭಾಗಗಳಿಗೆ ಬರುವವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ, ಮನೆಯಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು. ಅವರಿಂದ ಈ ಹಣ ನಿರೀಕ್ಷಿಸುವುದು ಅವರನ್ನು ಹೊರಗಿಡುವ ಇನ್ನೊಂದು ಬಗೆ. ಪರಿಶಿಷ್ಟ ಜಾತಿ ಮೊದಲಾದವರಿಗಾಗಿ ಇರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪೂರ್ಣ ಪದವಿಗೆ ಮೀಸಲಾದದ್ದು, ವಿನಿಮಯದ ಅವಧಿಗಲ್ಲ. ಅಷ್ಟೇ ಅಲ್ಲ, 2022ರ ಅದರ ಮಾರ್ಗಸೂಚಿಯು ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನದ ವಿಷಯಗಳನ್ನೇ ಯೋಜನೆಯಿಂದ ಹೊರಗಿಟ್ಟಿತು. ಇವನ್ನು ಓದಲು ಹೊರದೇಶಕ್ಕೆ ಹೋಗುವ ಅಗತ್ಯವಿಲ್ಲ ಎಂಬುದು ಅದರ ಹಿಂದಿನ ತರ್ಕ. ಮೇಲೆ ಹೇಳಿದ ಕುಹಕದ ಪ್ರಶ್ನೆಯೇ ಇಲ್ಲಿ ಸರ್ಕಾರಿ ಆದೇಶವಾಗಿದೆ. ದಲಿತ ಸಾಹಿತ್ಯದ ಇಂಗ್ಲಿಷ್ ಅನುವಾದಗಳನ್ನು ಕುರಿತು ಕೆಲಸ ಮಾಡಲು ಬಯಸುವ ದಲಿತ ಸಂಶೋಧಕನಿಗೆ ಇದರಿಂದ ಬಾಗಿಲು ಮುಚ್ಚಿತು. ಅದೇ ವಿಷಯವನ್ನು ಅಮೆರಿಕದ ಸಂಶೋಧಕರು ತಮ್ಮ ಅನುದಾನದಲ್ಲಿ ನಿರಾತಂಕವಾಗಿ ಓದಬಹುದು. ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ಅಧ್ಯಯನ ಪೀಠಗಳ ಠೇವಣಿಯ ಬಡ್ಡಿಯಲ್ಲಿ ವರ್ಷಕ್ಕೆ ಒಬ್ಬರ ಪ್ರಯಾಣ ಮತ್ತು ವಸತಿಯನ್ನು ಭರಿಸಿದರೂ ಸಾಕು. ಜಯಂತಿಗಳ ಶಾಮಿಯಾನಕ್ಕಿಂತ ಅದು ದೊಡ್ಡ ಖರ್ಚಾಗದು.

ಇಂಗ್ಲಿಷಿನ ತೊಡಕನ್ನು ಪರೀಕ್ಷೆಯ ಅಂಕದಿಂದಲೇ ಅಳೆಯುವಂತಿಲ್ಲ. ಟೋಫೆಲ್ ದಾಟಿದವರೂ ಅಲ್ಲಿಯ ಗೋಷ್ಠಿಯಲ್ಲಿ ಮೌನವಾಗಿ ಕೂರುತ್ತಾರೆ. ಹೊರಡುವ ಮುನ್ನ ಸಂಶೋಧಕರು ತಮ್ಮದೇ ಒಂದು ಕನ್ನಡ ಪ್ರಬಂಧವನ್ನು ಇಂಗ್ಲಿಷಿಗೆ ತಂದು ವಿಭಾಗದಲ್ಲಿ ಮಂಡಿಸಬೇಕು. 'ಮಾರ್ಗ', 'ದೇಸಿ', 'ಅನುಭಾವ' ಮುಂತಾದ ಪರಿಭಾಷೆಗಳನ್ನು ಎರಡು ವಾಕ್ಯಗಳಲ್ಲಿ ವಿವರಿಸುವ ಕಷ್ಟ ಆಗ ಗೊತ್ತಾಗುತ್ತದೆ. ಮೌನದ ಅಪಾಯ ಇನ್ನೊಂದೂ ಇದೆ. ದಕ್ಷಿಣ ಏಷ್ಯಾ ಅಧ್ಯಯನ ವಿಭಾಗಗಳಲ್ಲಿ ಕನ್ನಡ ಬಲ್ಲವರು ವಿರಳವಾದ್ದರಿಂದ ಇಲ್ಲಿಂದ ಹೋದವರು ಬಹುಬೇಗ ಮಾಹಿತಿದಾರರಾಗಿಬಿಡುತ್ತಾರೆ: ಯಾರದೋ ಅಧ್ಯಾಯಕ್ಕೆ ಒಂದು ಪದ್ಯದ ಅರ್ಥ, ಯಾರದೋ ಕ್ಷೇತ್ರಕಾರ್ಯಕ್ಕೆ ಒಂದು ಧ್ವನಿಮುದ್ರಣದ ಲಿಪ್ಯಂತರ. ಸ್ನೇಹಕ್ಕೆ ಇಷ್ಟು ಮಾಡುವುದು ತಪ್ಪಲ್ಲ. ಆದರೆ ಹತ್ತು ವಾರಗಳ ಅವಧಿಯಲ್ಲಿ ಮೂರು ವಾರ ಹೀಗೆ ಹೋದರೆ ಸ್ವಂತ ಪ್ರಶ್ನೆಗೆ ಉಳಿಯುವುದೇನು? ಮಾಡಿದ ಕೆಲಸಕ್ಕೆ ಹೆಸರಿನ ಮನ್ನಣೆ ಕೇಳುವುದನ್ನು ಮಾರ್ಗದರ್ಶಕರು ಮೊದಲೇ ಹೇಳಿಕೊಟ್ಟಿರಬೇಕು.

ಅಲ್ಲಿಯ ಪರಿಸ್ಥಿತಿಯೂ ಸ್ಥಿರವಾಗಿಲ್ಲ. 2025ರಲ್ಲಿ ಶಿಕಾಗೊ ವಿಶ್ವವಿದ್ಯಾಲಯವು ದಕ್ಷಿಣ ಏಷ್ಯಾದ ಭಾಷೆ ಮತ್ತು ನಾಗರಿಕತೆಗಳ ವಿಭಾಗವೂ ಸೇರಿದಂತೆ ಹಲವು ಮಾನವಿಕ ವಿಭಾಗಗಳಲ್ಲಿ 2026-27ರ ಸಾಲಿಗೆ ಹೊಸ ಪಿಎಚ್.ಡಿ. ಪ್ರವೇಶ ಬೇಡವೆಂದು ನಿರ್ಧರಿಸಿತು. ಕಡಿಮೆ ವಿದ್ಯಾರ್ಥಿಗಳಿರುವ ಭಾಷೆಗಳ ಬೋಧನೆಗೆ ಇಂಥ ತೀರ್ಮಾನಗಳ ಪೆಟ್ಟು ಮೊದಲು ಬೀಳುತ್ತದೆ. ಒಡಂಬಡಿಕೆಯನ್ನು ಒಬ್ಬ ಪರಿಚಿತ ಪ್ರಾಧ್ಯಾಪಕರ ಸ್ನೇಹದ ಮೇಲೆ ನಿಲ್ಲಿಸಿದ ವಿಭಾಗಗಳು ಅವರ ನಿವೃತ್ತಿಯೊಡನೆ ಎಲ್ಲವನ್ನೂ ಕಳೆದುಕೊಳ್ಳುತ್ತವೆ. ಹೀಗಾಗಿ ಭಾಷಾವಿಜ್ಞಾನ, ತೌಲನಿಕ ಸಾಹಿತ್ಯ, ಧರ್ಮಗಳ ಅಧ್ಯಯನ, ಅನುವಾದ ಅಧ್ಯಯನ ಇವುಗಳಲ್ಲಿಯೂ ಆತಿಥೇಯರನ್ನು ಹುಡುಕುವುದು ಜಾಣತನ. ಹರಿಹರನ ರಗಳೆಗಳನ್ನು ಆಧರಿಸಿ ಗಿಲ್ ಬೆನ್-ಹೆರುತ್ 2018ರಲ್ಲಿ ಪ್ರಕಟಿಸಿದ ಗ್ರಂಥ ರೂಪುಗೊಂಡದ್ದು ಧರ್ಮಗಳ ಅಧ್ಯಯನದ ಶಿಸ್ತಿನೊಳಗೆ ಎಂಬುದನ್ನು ಗಮನಿಸಬಹುದು.

ಕೊನೆಯದಾಗಿ, ವಿನಿಮಯವೆಂದರೆ ಎರಡು ಕಡೆಯ ವ್ಯವಹಾರ. ಇಲ್ಲಿಂದ ಹೋದವರ ಶುಲ್ಕ ಮನ್ನಾ ಆಗುವುದು ಅಲ್ಲಿಂದ ಅಷ್ಟೇ ಜನ ಬಂದಾಗ. ಈಗ ಕನ್ನಡ ಕಲಿಯಲು ಬರುವ ಅಮೆರಿಕದ ವಿದ್ಯಾರ್ಥಿಗಳು ಬಹುಮಟ್ಟಿಗೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೈಸೂರಿನಲ್ಲಿ ನಡೆಸುವ ಭಾಷಾ ತರಗತಿಗಳ ಮೂಲಕ ಬರುತ್ತಾರೆ. ವಿಶ್ವವಿದ್ಯಾಲಯದ ವಿಭಾಗಗಳೊಳಗೆ ಕಾಲಿಡುವುದು ಅಪರೂಪ. ಅವರಿಗೆ ಕನ್ನಡ ವಿಭಾಗ ಏನನ್ನು ಕೊಡಬಲ್ಲದು? ಪಾಶ್ಚಾತ್ಯ ಸಾಹಿತ್ಯ ಸಿದ್ಧಾಂತಗಳ ಪರಿಚಯವನ್ನಂತೂ ಅಲ್ಲ. ಹಳಗನ್ನಡ ಪದ್ಯವನ್ನು ಅನ್ವಯಿಸಿ ಓದುವುದು, ಕಂದ-ರಗಳೆ-ಷಟ್ಪದಿಗಳ ಲಯ, ಓಲೆಗರಿಯ ಅಕ್ಷರ, ಶಾಸನದ ಪಾಠ, ಗ್ರಂಥಸಂಪಾದನೆಯ ಕ್ರಮ, ಇವು ಬೇರೆಲ್ಲಿಯೂ ಸಿಗದವು. 'ಸ್ಪೀಕಿಂಗ್ ಆಫ್ ಶಿವ'ದ ಅನುವಾದಗಳು ನಿಂತಿರುವುದು ಹಳಕಟ್ಟಿ, ಬಸವನಾಳ, ಎಲ್. ಬಸವರಾಜು ಅವರ ವಚನ ಸಂಪಾದನೆಗಳ ಮೇಲೆ. ಅವರ ಕೆಲಸವಿಲ್ಲದೆ ಶಿಕಾಗೊದಲ್ಲಿ ಕುಳಿತ ಕವಿಗೆ ಪಠ್ಯವೇ ಇರುತ್ತಿರಲಿಲ್ಲ. ವಿಪರ್ಯಾಸವೆಂದರೆ, ವಿದ್ಯಾರ್ಥಿಗಳಿಗೆ ಕಷ್ಟ, ಉದ್ಯೋಗಕ್ಕೆ ಉಪಯೋಗವಿಲ್ಲ ಎಂಬ ನೆಪದಲ್ಲಿ ಪಠ್ಯಕ್ರಮದ ಪ್ರತಿ ಪರಿಷ್ಕರಣೆಯಲ್ಲಿಯೂ ಕಿರಿದಾಗುತ್ತಿರುವ, ಐಚ್ಛಿಕವಾಗುತ್ತಿರುವ, ಕೊನೆಗೆ ಕಾಣೆಯಾಗುತ್ತಿರುವ ಪತ್ರಿಕೆಗಳು ಇವೇ. ಹಸ್ತಪ್ರತಿ ಓದಿಸಬಲ್ಲ ಅಧ್ಯಾಪಕರು ನಿವೃತ್ತರಾದ ಹುದ್ದೆಗಳು ಹಲವು ಕಡೆ ಖಾಲಿ ಉಳಿದಿವೆ. ಅಮೆರಿಕದ ವಿಶ್ವವಿದ್ಯಾಲಯದೊಡನೆ ಮಾತುಕತೆಗೆ ಕೂರುವ ವಿಭಾಗವು ತನ್ನ ಕಡೆಯಿಂದ ಮೇಜಿನ ಮೇಲಿಡಬೇಕಾದದ್ದು ಇಂಥ ಹದಿನೈದು ವಾರಗಳ ಒಂದು ಪಾಠಪಟ್ಟಿ. ಅದನ್ನು ನಡೆಸುವ ಅಧ್ಯಾಪಕರ ನೇಮಕ ಅದಕ್ಕಿಂತ ಮೊದಲು ಆಗಬೇಕಾದ ಕೆಲಸ.